ದೊರೆಯ ದವಡೆ ಹಲ್ಲು

ಒಬ್ಬ ದೊರೆ ಇದ್ದ. ಪಟ್ಟಕ್ಕೆ ಬಂದ ದಿನವೇ ಒಂದು ಕಟ್ಟಳೆ ಹೊರಡಿಸಿದ: ತನ್ನ ಮೈಯಿಂದ ಒಂದು ಹನಿ ರಕ್ತ ಬರಿಸಿದವನ ತಲೆ ಹೋಗಬೇಕು. ಬರಹದ ಅಪ್ಪಣೆಯನ್ನು ಯಾರಾದರೂ ತಿದ್ದಿಯಾರು ಎಂಬ ಮುಂದಾಲೋಚನೆಯಿಂದ, ತುಂಬಿದ ಸಭೆಯಲ್ಲಿ ತಾನೇ ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ರದ್ದು ಎಂದೂ ಸೇರಿಸಿದ. ಸಭೆ ಚಪ್ಪಾಳೆ ತಟ್ಟಿತು. ಇಷ್ಟು ಬುದ್ಧಿವಂತ ದೊರೆ ಸಿಕ್ಕಿದನಲ್ಲಾ ಎಂದು ಮಂತ್ರಿ ಕಣ್ಣೊರೆಸಿಕೊಂಡ. ಅಲ್ಲಿ ನೀರಿತ್ತೋ ಇಲ್ಲವೋ, ಯಾರೂ ಬಗ್ಗಿ ನೋಡಲಿಲ್ಲ.

ದೇವರಿಗೆ ಮಾತ್ರ ಈ ಕಟ್ಟಳೆ ತಲುಪಿರಲಿಲ್ಲವೆಂದು ಕಾಣುತ್ತದೆ. ಕೆಲವು ವರ್ಷಗಳ ಮೇಲೆ ದೊರೆಯ ಎಡಗಡೆಯ ದವಡೆ ಹಲ್ಲು ಹುಳುಕಾಯಿತು.

ರಾಜವೈದ್ಯ ದೀಪ ಹಿಡಿದು ನೋಡಿದ. ಕೀಳುವುದು ಒಂದು ಗಳಿಗೆಯ ಕೆಲಸ. ಆದರೆ ಕಿತ್ತರೆ ರಕ್ತ ಬರುತ್ತದೆ. ವೈದ್ಯ ತನ್ನ ಕುತ್ತಿಗೆಯನ್ನೊಮ್ಮೆ ಸವರಿಕೊಂಡು, "ಲವಂಗದೆಣ್ಣೆ ಹಚ್ಚೋಣ, ಪ್ರಭು" ಎಂದ.

ಎಣ್ಣೆ ಮುಗಿಯಿತು, ನೋವು ಮುಗಿಯಲಿಲ್ಲ. ದೊರೆಯ ತಾಯಿ ಮಗನ ಕೋಣೆಗೆ ಬಂದಳು. ಹೆತ್ತ ಮಕ್ಕಳಲ್ಲಿ ಅವಳಿಗೆ ಉಳಿದವನು ಇವನೊಬ್ಬನೇ.

"ಬಾಯಿ ತೆಗಿ."

"ಏನಿಲ್ಲಮ್ಮ, ಸ್ವಲ್ಪ ಜುಮ್ ಅಂತಿದೆ."

"ಜುಮ್ ಅಂದರೆ ಕೆನ್ನೆ ಚೆಂಡಿನ ಹಾಗೆ ಊದುತ್ತಾ? ಸಭೇಲಿ ಒಂದು ಮಾತು ಹೇಳಿ ಆ ಕಟ್ಟಳೆ ತೆಗೆದುಬಿಡು. ವೈದ್ಯ ಕೀಳ್ತಾನೆ. ಹಾಲು ಕುಡಿದು ಮಲಗು."

"ಒಂದು ಹಲ್ಲಿಗೆ ಹೆದರಿ ದೊರೆ ಮಾತಿಗೆ ತಪ್ಪಿದ ಅಂತ ಜನ ನಗ್ತಾರಮ್ಮ."

"ನಗಲಿ ಬಿಡು. ಅವರ ಹಲ್ಲು ಅವರು ತೋರಿಸ್ತಾರೆ. ನಿನ್ನದು ನೀನು ನೋಡಿಕೋ."

"ನಿನಗೆ ರಾಜ್ಯಭಾರ ತಿಳಿಯಲ್ಲ."

"ಇಲ್ಲಪ್ಪ, ನಿನ್ನ ಹಲ್ಲು ತಿಳಿಯುತ್ತೆ. ಅವು ಹುಟ್ಟುವಾಗ ನಿದ್ದೆಗೆಟ್ಟವಳು ನಾನು, ನಿನ್ನ ಮಂತ್ರಿ ಅಲ್ಲ."

ಮಾರನೆಯ ದಿನ ಸಭೆಗೆ ಸಭೆಯೇ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಬಂದಿತು. ದೊರೆಯ ನೋವು ತಮಗೂ ಬಂದಿದೆಯಂತೆ. ಬೊಕ್ಕಸದವನು ಅವಸರದಲ್ಲಿ ಬಲಗಡೆಗೆ ಕಟ್ಟಿಕೊಂಡು ಬಂದು, ರಾಜದ್ರೋಹದ ಗುಮಾನಿಗೆ ಸಿಕ್ಕಿ, ಬಾಗಿಲಲ್ಲೇ ಎಡಕ್ಕೆ ಬದಲಾಯಿಸಿಕೊಂಡ. ದೊರೆಗೆ ಹೃದಯ ತುಂಬಿ ಬಂತು. ಇಷ್ಟು ಜನ ತಡೆದುಕೊಂಡಿರುವಾಗ ತಾನು ತಡೆದುಕೊಳ್ಳಲಾರೆನೇ ಎಂದುಕೊಂಡು, ಹೇಳಬೇಕಾದ ಮಾತನ್ನು ಹೇಳದೆಯೇ ಎದ್ದ.

ಆಮೇಲೆ ಜ್ವರ ಬಂತು. ಬಾವು ಗಂಟಲಿಗಿಳಿದು ದವಡೆ ಬಿಗಿಯಿತು. ಆಗ ದೊರೆಗೆ ಭಯವಾಯಿತು. ಕಟ್ಟಳೆ ರದ್ದು ಮಾಡಲೆಂದು ತನ್ನನ್ನು ಸಭೆಗೆ ಹೊತ್ತು ತರಿಸಿಕೊಂಡ. ಬಾಯಿ ತೆರೆಯಲು ಹೆಣಗಿದ. "ಹಂ... ಹಂ" ಎಂಬುದಷ್ಟೇ ಹೊರಟಿತು.

"ಕೇಳಿದಿರಾ?" ಎಂದ ಮಂತ್ರಿ. "ಕಟ್ಟಳೆ ಇನ್ನೂ ಬಿಗಿಯಾಗಲಿ ಅಂತಿದ್ದಾರೆ."

ದೊರೆ ಅಲ್ಲವೆಂದು ತಲೆಯಲ್ಲಾಡಿಸಿದ.

"ಎಷ್ಟು ಬಿಗಿ ಅಂತ ಹೇಳೋಕೂ ಆಗ್ತಿಲ್ಲ ಅವರಿಗೆ."

ದೊರೆ ಕೆನ್ನೆ ಮುಟ್ಟಿ, ಬೆರಳುಗಳಿಂದ ಏನನ್ನೋ ಹಿಡಿದು ಎಳೆಯುವಂತೆ ತೋರಿಸಿದ.

"ಹಲ್ಲು ಕೀಳಿ ಅಂತಿದ್ದಾನೆ," ಎಂದಳು ತಾಯಿ. "ಕಣ್ಣು ಕಾಣಲ್ವಾ ನಿಮಗೆ?"

"ಕಾಣುತ್ತೆ ತಾಯಿ," ಎಂದ ಮಂತ್ರಿ. "ಆದರೆ ಬಾಯಿಬಿಟ್ಟು ಹೇಳಬೇಕು ಅಂತಿದೆ ಕಟ್ಟಳೇಲಿ. ಪ್ರಭುಗಳ ಮಾತನ್ನ ಪ್ರಭುಗಳೂ ಮೀರೋ ಹಾಗಿಲ್ಲ."

ತಾಯಿ, ಅಪ್ಪಣೆಗೆ ಕಾದು ಪಕ್ಕದಲ್ಲಿ ನಿಂತಿದ್ದ ವೈದ್ಯನ ಕೈಯಿಂದ ಇಕ್ಕಳ ಕಿತ್ತುಕೊಂಡಳು. "ನಾನೇ ತೆಗೀತೀನಿ. ಹೋದರೆ ಈ ಮುದಿ ತಲೆ ತಾನೇ?"

ಕಾವಲಿನವರು ಅವಳ ಎರಡೂ ಕೈಗಳನ್ನು ಬಹಳ ಗೌರವದಿಂದ ಹಿಡಿದುಕೊಂಡರು. ಕಬ್ಬಿಣ ಹಿಡಿದು ದೊರೆಯ ಬಳಿ ಬಂದವರು ಯಾರೇ ಆಗಲಿ ತಡೆಯುವುದು ಅವರ ಕೆಲಸ. ಅವರನ್ನು ಸ್ವತಃ ಪರೀಕ್ಷಿಸಿ ಆರಿಸಿದವನು ದೊರೆಯೇ. ಒಳ್ಳೆಯ ಆಯ್ಕೆ. ದೊರೆ ತಾಯಿಯನ್ನೇ ನೋಡುತ್ತ ಅತ್ತ. ರಾಜನ ಆನಂದಬಾಷ್ಪ ಎಂದು ಮಂತ್ರಿ ಸಭೆಗೆ ವಿವರಿಸಿದ.

ವಾರ ಕಳೆಯುವುದರೊಳಗೆ ನಂಜೇರಿ ದೊರೆ ತೀರಿಕೊಂಡ. ಆ ಬೆಳಿಗ್ಗೆಯೇ ಸಭೆಯವರೆಲ್ಲ ಕೆನ್ನೆಯ ಬಟ್ಟೆ ಬಿಚ್ಚಿದರು. ಒಬ್ಬರಿಗೂ ಊತವಿರಲಿಲ್ಲ.

ತಾಯಿ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. "ಆ ಹಲ್ಲು ಕಿತ್ತುಬಿಡಿ ವೈದ್ಯರೇ. ಅದನ್ನ ಇಟ್ಟುಕೊಂಡು ಅವನು ದೇವರ ಹತ್ತಿರ ಹೋಗೋದು ಬೇಡ."

ವೈದ್ಯ ಮಂತ್ರಿಯ ಮುಖ ನೋಡಿದ. ಮಂತ್ರಿ ತುಂಬ ಹೊತ್ತು ಯೋಚಿಸಿದ.

"ಸತ್ತವರ ಮೈಲಿ ರಕ್ತ ಹರಿಯಲ್ಲ. ಅಡ್ಡಿಯಿಲ್ಲ."

ದವಡೆ ಈಗ ಸಡಿಲವಾಗಿತ್ತು. ವೈದ್ಯ ಇಕ್ಕಳ ಹಾಕಿ ಒಮ್ಮೆ ಅಲುಗಿಸಿ ಎಳೆದ. ಹಲ್ಲು ಬಂತು.

"ನೋಡಿ ತಾಯಿ, ಏನೂ ಕಷ್ಟ ಇರಲಿಲ್ಲ," ಎಂದ.

"ಗೊತ್ತು," ಎಂದಳು ತಾಯಿ. ಅಂಗೈಯಿಂದ ಮಗನ ತುಟಿ ಒರೆಸಿ, ಬಾಯಿ ಮುಚ್ಚಿದಳು.