ಸೊಣ್ಣಮ್ಮ ಮುಟ್ಟಿದ ಜಾಡಿ

ಮಾಲೂರಿನ ಪದ್ಮಾವತಮ್ಮನವರ ಅಂಗಳದಲ್ಲಿ ಉಪ್ಪಿನಕಾಯಿ ಜಾಡಿಯನ್ನು ಬಿಸಿಲಿಗೆ ಇಟ್ಟಿದ್ದಾಗ ಮಳೆ ಬಂತು. ಕಸ ಗುಡಿಸುತ್ತಿದ್ದ ಸೊಣ್ಣಮ್ಮ ಓಡಿಬಂದು ಜಾಡಿಯನ್ನೆತ್ತಿ ಸೂರಿನ ಕೆಳಗಿಟ್ಟಳು. ಕೇರಿಯವಳು ಮುಟ್ಟಿದಳೆಂದು ಆ ವರ್ಷದ ಅಷ್ಟೂ ಉಪ್ಪಿನಕಾಯಿಯನ್ನು ಅವಳ ಕೈಯಿಂದಲೇ ತಿಪ್ಪೆಗೆ ಸುರಿಸಿದರು.

ಆ ಜಾಡಿ ನಾನು.

ನಾನು ಹುಟ್ಟಿದ್ದು ಜೇಡಿಮಣ್ಣಿನಲ್ಲಿ. ಯಾರೋ ತುಳಿದು ಹದ ಮಾಡಿದರು, ಯಾರೋ ಅಚ್ಚಿಗೆ ಹಾಕಿದರು, ಯಾರೋ ಭುಜಕ್ಕೆ ಕಂದು, ಹೊಟ್ಟೆಗೆ ಬಿಳಿ ಬಳಿದು ಬೆಂಕಿಗೆ ಕೊಟ್ಟರು. ಪದ್ಮಾವತಮ್ಮ ನನ್ನನ್ನು ಕೊಳ್ಳುವಾಗ ಆ ಕೈಗಳ ಜಾತಿ ಕೇಳಲಿಲ್ಲ. ಬೆರಳಲ್ಲಿ ಬಡಿದು ನೋಡಿದರು. ಟಣ್ ಎಂದೆ. ತಂದರು.

ತಿಪ್ಪೆಯ ಪ್ರಸಂಗವಾದ ಮೇಲೆ ನನ್ನ ಜಾಗ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ. ಮಳೆನೀರು ತುಂಬಿಕೊಂಡೆ, ಕಪ್ಪೆ ಸಾಕಿದೆ. ಒಂದು ಕಿವಿ ಮುರಿಯಿತು. ಬಿರುಕು ಮಾತ್ರ ಬಿಡಲಿಲ್ಲ. ದಿನವೂ ಸೊಣ್ಣಮ್ಮ ಪೊರಕೆ ಹಿಡಿದು ಪಕ್ಕದಲ್ಲೇ ಹಾದುಹೋಗುತ್ತಿದ್ದಳು. ನನ್ನತ್ತ ನೋಡುತ್ತಿರಲಿಲ್ಲ. ಅವಳ ತಲೆ ನೆರೆತದ್ದನ್ನು ನಾನು ಕೆಳಗಿನಿಂದಲೇ ಕಂಡೆ.

ಆಮೇಲೆ ಊರಿನ ಸುತ್ತ ಕಾರ್ಖಾನೆಗಳೆದ್ದವು. ಮಾಳಿಗೆ ಮನೆಗೆ ಕೊರಿಯಾದಿಂದ ಒಂದು ಸಂಸಾರ ಬಂತು. ಗಂಡ ಕಾರ್ಖಾನೆಗೆ ಹೋದರೆ ಹೆಂಡತಿ ಒಕ್ಸೂನ್ ಮನೆಯಲ್ಲೇ, ಅರೆಬರೆ ಕನ್ನಡ ಕಲಿಯುತ್ತ. ಬಾಡಿಗೆಗೆ ಕೊಡುವಾಗಲೇ ಪದ್ಮಾವತಮ್ಮ ಮಾತು ತೆಗೆದುಕೊಂಡಿದ್ದರು: ಮೀನು, ಮಾಂಸ ಮೆಟ್ಟಿಲು ಹತ್ತಕೂಡದು. ಸೊಣ್ಣಮ್ಮ ಹತ್ತಬಹುದು; ಮೆಟ್ಟಿಲು ಹೊರಗಡೆಯಿಂದಲೇ ಇತ್ತು, "ಗುಡಿಸಿ ಒರೆಸೋಕೆ ತಾನೆ" ಎಂದಿದ್ದರು.

ಒಕ್ಸೂನ್ ಹಿತ್ತಲಲ್ಲಿ ನನ್ನನ್ನು ಕಂಡು ಬೆರಳಲ್ಲಿ ಬಡಿದಳು. ಟಣ್ ಎಂದೆ. "ಬೇಕಾದ್ರೆ ತಗೊಂಡ್ಹೋಗಿ, ಯಾತಕ್ಕೂ ಬಾರದ್ದು" ಎಂದರು ಪದ್ಮಾವತಮ್ಮ.

ಮಾಳಿಗೆಯಲ್ಲಿ ಒಕ್ಸೂನ್, ಸೊಣ್ಣಮ್ಮ ಇಬ್ಬರೂ ಕೂತು ಕಿಮ್ಚಿಗೆ, ಅಂದರೆ ಒಕ್ಸೂನಳ ಊರಿನ ಉಪ್ಪಿನಕಾಯಿಗೆ, ಚೀನಾ ಕೋಸನ್ನು ಸೀಳಿ, ಎಲೆಯೆಲೆಗೂ ಉಪ್ಪು ಸವರಿ, ಅದು ಬಾಡಿ ಬಾಗುವವರೆಗೆ ಬಿಟ್ಟರು. ಅಕ್ಕಿ ಗಂಜಿಗೆ ಬ್ಯಾಡಗಿ ಪುಡಿ, ಬೆಳ್ಳುಳ್ಳಿ, ಶುಂಠಿ, ಈರುಳ್ಳಿ ಹೂವು. ತನ್ನೂರಲ್ಲಾದರೆ ಸೀಗಡಿಯನ್ನೂ ಹಾಕುತ್ತಿದ್ದ ಒಕ್ಸೂನ್ ಕೊಟ್ಟ ಮಾತಿಗೆ ಅದನ್ನು ಬಿಟ್ಟಳು. ಇನ್ನು ಕಲಸಬೇಕು. ಸೊಣ್ಣಮ್ಮ ಹಿಂದೆ ಸರಿದಳು.

"ಹೆಚ್ಚೋದು ನಾನು ಹೆಚ್ಕೊಟ್ಟೆ. ಕಲಸೋದು ನೀವೇ ಕಲಸಿ, ಅಕ್ಕ."

"ಯಾಕೆ? ಕೈ ನೋವು?"

"ನೋವೇನಿಲ್ಲ."

"ಮತ್ತೆ ಹಾಕು. ಇದು ಕೈ ರುಚಿ. ಚಮಚ ರುಚಿ ಅಲ್ಲ."

ಒಕ್ಸೂನ್ ಅವಳ ಮಣಿಕಟ್ಟು ಹಿಡಿದು ಬೋಗುಣಿಗೆ ಇಳಿಸಿಯೇಬಿಟ್ಟಳು. ಇಬ್ಬರೂ ಮೊಣಕೈವರೆಗೆ ಕೆಂಪಾದರು. ಕಲಸಿದ್ದು ಮುಗಿದಾಗ ಒಕ್ಸೂನ್ ಒಂದು ಎಲೆ ಸುತ್ತಿ ಮುಂದೆ ಹಿಡಿದಳು. ಸೊಣ್ಣಮ್ಮ ಬೊಗಸೆಯೊಡ್ಡಿ ಕಾದಳು. ಮೇಲಿನಿಂದ ಬೀಳುವುದನ್ನು ಹಿಡಿದೇ ಅವಳಿಗೆ ಅಭ್ಯಾಸ. ಒಕ್ಸೂನಿಗೆ ಅದು ಅರ್ಥವಾಗಲಿಲ್ಲ. ಬೊಗಸೆಯನ್ನು ಪಕ್ಕಕ್ಕೆ ಸರಿಸಿ ನೇರ ಬಾಯಿಗಿಟ್ಟಳು. ಅವರ ಕಡೆ ಕಿಮ್ಚಿ ಹಾಕಿದ ದಿನ ಮೊದಲ ತುತ್ತನ್ನು ಜೊತೆಗೆ ಕಲಸಿದವರ ಬಾಯಿಗೇ ಇಡುವುದಂತೆ. ಸೊಣ್ಣಮ್ಮ ಬಹಳ ಹೊತ್ತು ಅಗಿದಳು. ಕಣ್ಣೊರೆಸಿಕೊಂಡು, "ಖಾರ" ಎಂದಳು. ಬ್ಯಾಡಗಿಗೆ ಅಷ್ಟು ಖಾರ ಎಲ್ಲಿಂದ ಬರಬೇಕು?

ಅಂದಿನಿಂದ ಕಲಸುವ ಕೈ ಸೊಣ್ಣಮ್ಮನದೇ. ದಿನದ ಊಟ ಸರಳ: ಅನ್ನ, ನನ್ನೊಳಗಿನ ಕಿಮ್ಚಿ, ಬೇಯಿಸಿ ಹಿಂಡಿದ ಸೊಪ್ಪಿಗೆ ಎಳ್ಳೆಣ್ಣೆ. ಕಿಮ್ಚಿ ಹುಳಿ ಮೀರಿದ ದಿನ ಅದನ್ನೇ ಕುದಿಸಿ, ತೋಫು ಮುರಿದು ಹಾಕಿದರೆ ಸಾರು. ಸೊಣ್ಣಮ್ಮ ಅದರಲ್ಲಿ ಮುದ್ದೆ ಅದ್ದಿ ನುಂಗಿ, "ನಮ್ಮ ಬಸ್ಸಾರಿನ ನೆಂಟತಿ ಕಣಕ್ಕ ಇದು" ಎನ್ನುತ್ತಿದ್ದಳು. ಒಂದು ಬಟ್ಟಲು ಕೆಳಗೂ ಇಳಿಯುತ್ತಿತ್ತು. ಪದ್ಮಾವತಮ್ಮ ಮೊಸರನ್ನಕ್ಕೆ ನೆಂಚಿಕೊಂಡು, "ಆಯಮ್ಮನ ಕೈಗುಣ ದೊಡ್ಡದು" ಎಂದು ಹೇಳಿಕಳಿಸುತ್ತಿದ್ದರು.

ಬಟ್ಟಲು ಹಿಡಿದು ಒಂದು ದಿನ ಅವರೇ ಹತ್ತಿ ಬಂದರು. ಸೊಣ್ಣಮ್ಮ ಬಾಗಿಲ ಮುಂದಿನ ತಾರಸಿಯಲ್ಲಿ ಕೂತು ಕಿಮ್ಚಿಯನ್ನು ನನ್ನೊಳಗೆ ಒತ್ತಿ ತುಂಬುತ್ತಿದ್ದಳು.

"ಏನೇ ಸೊಣ್ಣಿ, ನೀನು ಕೈ ಹಾಕಿದ್ದೀಯ?"

"ಹೂಂ ಅಮ್ಮೋರೆ. ಮೊದಲಿಂದ ನಾನೇ."

"ಮೊದಲಿಂದ ಅಂದ್ರೆ?"

"ಕೈಗುಣ ದೊಡ್ಡದು ಅಂತ ಹೇಳ್ಕಳ್ಸಿದ್ರಲ್ಲ, ಆವತ್ತೂ ನಾನೇ."

ಪದ್ಮಾವತಮ್ಮನವರ ಮುಖ ನೋಡಿ ಒಕ್ಸೂನ್ ಗಾಬರಿಯಾದಳು. "ಏನು? ಉಪ್ಪು ಜಾಸ್ತಿ?"

"ತಿಪ್ಪೆಗೆ ಸುರಿ ಅದನ್ನ. ಸುರಿದು ಜಾಡಿ ಒಡೆದುಹಾಕು. ಇಲ್ಲಾಂದ್ರೆ ನಾಳೆಯಿಂದ ಈ ಮನೆ ಕೆಲಸ ನಿನಗಿಲ್ಲ, ಇವರಿಗೂ ಮನೆಯಿಲ್ಲ."

ಜಾಡಿಯ ಕುಲ ಜಾಡಿಗೆ ಗೊತ್ತಿಲ್ಲ. ಮಾವಿನಕಾಯಿ ಹಾಕಿದರೂ ಕೋಸು ಹಾಕಿದರೂ ಕೆಡದಂತೆ ಕಾಯುವುದಷ್ಟೇ ನನ್ನ ಧರ್ಮ, ಎರಡನ್ನೂ ಕಾದಿದ್ದೇನೆ. ಮುಟ್ಟಿದ್ದರಿಂದ ಕೆಟ್ಟ ಒಂದು ಹೋಳನ್ನೂ ಈ ವಯಸ್ಸಿನವರೆಗೆ ನಾನು ಕಂಡಿಲ್ಲ. ಕೆಟ್ಟದ್ದು ತಿಪ್ಪೆಗೆ ಬಿದ್ದ ಮೇಲೆ.

ಸೊಣ್ಣಮ್ಮ ಬಗ್ಗಿ ನನ್ನನ್ನು ತಬ್ಬಿ ಎತ್ತಿದಳು. ಆ ಹಿಡಿತ ನನಗೆ ಗುರುತಿತ್ತು. ಪದ್ಮಾವತಮ್ಮ ಮೆಟ್ಟಿಲಿಗೆ ದಾರಿಬಿಟ್ಟು ಸರಿದು ನಿಂತರು. ಅವಳು ಮೆಟ್ಟಿಲ ಕಡೆ ತಿರುಗಲಿಲ್ಲ. ನನ್ನನ್ನು ಒಯ್ದು ಸೂರಿನ ಕೆಳಗೆ, ನೆರಳಿಗಿಟ್ಟಳು. ಮುಚ್ಚಳ ಹಾಕಿ ಅದರ ಮೇಲೆ ಕೆಂಪು ಕೈ ಊರಿ ನಿಂತಳು.

"ಜಾಡೀಲಿರೋದನ್ನ ಸುರೀಬಹುದು. ಇಷ್ಟು ದಿನ ನಿಮ್ಮ ಹೊಟ್ಟೆಗೆ ಹೋಗಿದ್ದನ್ನ ಎಲ್ಲಿ ಸುರೀಲಿ ಅಮ್ಮೋರೆ?"

ಪದ್ಮಾವತಮ್ಮ ಬಟ್ಟಲನ್ನು ಬಿಗಿಯಾಗಿ ಹಿಡಿದಿದ್ದರು. "ಸುರಿ ಅಂದೆ."

"ಸುರಿಯಲ್ಲ."