ಟೂ ಬಿಟ್ಟವರ ಖೋ ಖೋ

ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಗೊಬ್ಬರದ ಅಂಗಡಿ ಇಟ್ಟಿದ್ದ ಬಸವೇಶ ಮಗಳ ಶಾಲೆಯ ಖೋ ಖೋ ತಂಡಕ್ಕೆ ಕೋಚ್ ಆದದ್ದು ಬೇರೆ ಯಾರೂ ಸಿಗಲಿಲ್ಲವೆಂದು. ಪಿ.ಟಿ. ಮೇಷ್ಟ್ರು ವರ್ಗವಾಗಿ ಹೋಗಿದ್ದರು. ಹೈಸ್ಕೂಲಿನಲ್ಲಿ ತಾನೂ ಆಡುತ್ತಿದ್ದೆ ಎಂದು ಅವನು ಯಾವಾಗಲೋ ಬಾಯಿತಪ್ಪಿ ಅಂದಿದ್ದನ್ನು ಹೆಡ್‌ಮೇಡಂ ದಾಕ್ಷಾಯಿಣಿಯವರು ಮರೆತಿರಲಿಲ್ಲ. ಹೆಂಡತಿ ಶಾಂತಿ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಸಂಜೆ ಹೊತ್ತು ಮಾತೇ ಇರುತ್ತಿರಲಿಲ್ಲ. ಮೂರನೇ ಕ್ಲಾಸಿನ ಸಿಂಚನಾ ಹೋಂವರ್ಕ್ ಬರೆಯುತ್ತ ಕೂತರೆ ಇವನು ಅಡುಗೆಮನೆ ಸೇರುತ್ತಿದ್ದ. ಹಾಗಾಗಿ ಮೇಡಂ ಕೇಳಿದ ಕೂಡಲೇ ಒಪ್ಪಿಕೊಂಡ. ಸಿಂಚನಾಳೂ ತಂಡದಲ್ಲಿದ್ದಳು.

ಸಾಲಾಗಿ ಕೂತವರಲ್ಲಿ ಒಬ್ಬಳ ಬೆನ್ನು ಮುಟ್ಟಿ 'ಖೋ' ಅಂದರೆ ಅವಳು ಎದ್ದು ಎದುರಾಳಿಯನ್ನು ಅಟ್ಟಬೇಕು, ಮುಟ್ಟಿದವಳು ಅಲ್ಲಿ ಕೂರಬೇಕು. ಇವನ ತಂಡದಲ್ಲಿ ಒಬ್ಬಳಿಗೆ ಖೋ ಅಂದರೆ ನಾಲ್ವರು ಏಳುತ್ತಿದ್ದರು. ಒಬ್ಬಳು ಕೂತಲ್ಲೇ, ನನಗ್ಯಾಕೆ ಎಂದು ಕೇಳುತ್ತಿದ್ದಳು. ಅಟ್ಟುವವಳು ರಿಬ್ಬನ್ ಬಿಚ್ಚಿತೆಂದು ನಿಂತರೆ, ಓಡುವವಳೇ ಹಿಂದಕ್ಕೆ ಬಂದು ಕಟ್ಟಿಕೊಡುತ್ತಿದ್ದಳು. ಬಸವೇಶ ಸೀಟಿ ಊದಿ ಊದಿ ಸುಸ್ತಾಗಿ ಕೊನೆಗೆ ನಕ್ಕುಬಿಡುತ್ತಿದ್ದ. ಮನೆಗೆ ಬಂದ ಮೇಲೂ ಆ ನಗು ಉಳಿದಿರುತ್ತಿತ್ತು. ಯಾರಿಗಾದರೂ ಹೇಳಬೇಕು ಅನ್ನಿಸಿದರೆ, ಇದ್ದವಳು ಮಗಳೊಬ್ಬಳೇ. ಅವಳು ನಗುತ್ತಿರಲಿಲ್ಲ.

ಚುರುಕಾಗಿ ಓಡುತ್ತಿದ್ದವಳೆಂದರೆ ಬಿಂದುಶ್ರೀ. ಆದರೆ ಬೇಕಾದವರಿಗೆ ಮಾತ್ರ ಖೋ ಕೊಡುತ್ತಿದ್ದಳು. ಒಂದು ದಿನ ಒಬ್ಬಳನ್ನು ಬಿಟ್ಟದ್ದು ಯಾಕೆಂದು ಕೇಳಿದರೆ, ಅವಳ ಜೊತೆ ಟೂ ಬಿಟ್ಟೀನಿ ಸರ್, ಮಾತಾಡಲ್ಲ ಎಂದಳು. ಆಟದೊಳಗೆ ಟೂಗೀ ಎಲ್ಲ ಇಲ್ಲವೆಂದು ಬಸವೇಶ ಜೋರಾಗಿ ಬೈದ. ಎಲ್ಲರೂ ಒಟ್ಟಿಗೆ ತಲೆಯಾಡಿಸಿದರು.

ಹೊಸದುರ್ಗದ ಶಾಲೆಯೊಂದು ಪಂದ್ಯಕ್ಕೆ ಕರೆದಾಗ ಟೆಂಪೊ ಮಾಡಿಕೊಂಡು ಹೋದರು. ಆಟ ಅರ್ಧ ಮುಗಿದ ಮೇಲೆ ಅವನಿಗೆ ಗೊತ್ತಾಯಿತು: ಸಿಂಚನಾಳಿಗೆ ಯಾರೂ ಖೋ ಕೊಡುತ್ತಿಲ್ಲ. ಅವಳು ನೆಲಕ್ಕೆ ಕೈಯೂರಿ, ಇನ್ನೇನು ಏಳುವವಳ ಹಾಗೆ ಕೂತೇ ಇದ್ದಳು. ಅವಳ ಎಡಕ್ಕೆ, ಬಲಕ್ಕೆ ಹುಡುಗಿಯರು ಏಳುತ್ತಿದ್ದರು, ಕೂರುತ್ತಿದ್ದರು. ಬಸವೇಶ ತಡೆಯಲಾರದೆ ಅವಳಿಗೂ ಕೊಡಿ ಎಂದು ಕೂಗಿದ. ಸಿಂಚನಾ ತಲೆ ತಗ್ಗಿಸಿದಳು. ಬಿಂದುಶ್ರೀ ಅವಳನ್ನು ದಾಟಿ ಹೋದಳು.

ಸೋತದ್ದಕ್ಕೆ ಒಬ್ಬರಿಗೂ ಬೇಸರವಿರಲಿಲ್ಲ. ವಾಪಸು ಬರುವಾಗ ಟೆಂಪೊ ತುಂಬ ಮಂಡಕ್ಕಿ, ಗಲಾಟೆ. ಸಿಂಚನಾ ಮಾತ್ರ ಮುಂದೆ ಬಂದು ಅಪ್ಪನ ಪಕ್ಕ ಕೂತಳು. ಮನೆ ಮುಟ್ಟಿ ಕೈಕಾಲು ತೊಳೆದ ಮೇಲೆ, ಯಾಕಮ್ಮ ಎಂದು ಅವನು ಕೇಳಿದ.

"ಎಲ್ರೂ ನನ್ನ ಜೊತೆ ಟೂ ಬಿಟ್ಟವ್ರೆ ಕಣಪ್ಪ."

"ನೀನೇನ್ ಮಾಡ್ದೆ?"

"ನಾನೇನೂ ಮಾಡಿಲ್ಲ. ನೀನು ಅವ್ರಿಗೆ ಬೈತೀಯ. ನಿನ್ನ ಜೊತೆ ಟೂ ಬಿಡಕ್ಕೆ ಆಗಲ್ವಲ್ಲ, ಅದಕ್ಕೆ ನನ್ನ ಜೊತೆ ಬಿಡ್ತಾರೆ." ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತ, ಅಲ್ಲಿಂದಲೇ ಅಂದಳು: "ನೀನು ಬರಬ್ಯಾಡಪ್ಪ."

ಮಾರನೆಯ ದಿನ ಅವನು ದಾಕ್ಷಾಯಿಣಿ ಮೇಡಂ ಹತ್ತಿರ ಹೋಗಿ, ಬಿತ್ತನೆ ಕಾಲ, ಅಂಗಡಿ ಬಿಟ್ಟು ಬರಕ್ಕಾಗಲ್ಲ ಎಂದು ಹೇಳಿದ. ಮಕ್ಕಳು ನಿಮ್ಮನ್ನು ಹಚ್ಚಿಕೊಂಡಿದ್ದರಲ್ಲ ಎಂದು ಅವರು ಬೇಜಾರು ಮಾಡಿಕೊಂಡರು. ಅವನು ಸೀಟಿಯನ್ನು ಮೇಜಿನ ಮೇಲಿಟ್ಟು ಬಂದ. ಕನ್ನಡ ಹೇಳಿಕೊಡುತ್ತಿದ್ದ ದಿವ್ಯಾ ಟೀಚರ್ ತಂಡವನ್ನು ನೋಡಿಕೊಳ್ಳತೊಡಗಿದರು. ಅವರಿಗೆ ಆಟ ಗೊತ್ತಿರಲಿಲ್ಲ, ಬೈಯಲೂ ಬರುತ್ತಿರಲಿಲ್ಲ.

ಮತ್ತೆ ಸಂಜೆಗಳು ಮೊದಲಿನಂತಾದವು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಮೈದಾನದ ಕಡೆಯಿಂದ ಕೂಗು ಕೇಳಿಸುತ್ತಿತ್ತು. ಯಾರದೆಂದು ಗುರುತು ಹಿಡಿಯಲು ನೋಡುತ್ತಿದ್ದ, ಅಷ್ಟು ದೂರಕ್ಕೆ ಎಲ್ಲ ಒಂದೇ ದನಿ.

ಒಂದು ಸಂಜೆ ಸಿಂಚನಾ ಮಂಡಿ ತರಚಿಕೊಂಡು ಮನೆಗೆ ಓಡಿ ಬಂದಳು. ಬಿಂದುಶ್ರೀ ತನಗೆ ಖೋ ಕೊಟ್ಟಳಂತೆ, ತಾನು ಇಬ್ಬರನ್ನು ಔಟ್ ಮಾಡಿದಳಂತೆ, ಒಬ್ಬಳು ಕಂಬಕ್ಕೇ ಡಿಕ್ಕಿ ಹೊಡೆದು ಕಂಬಕ್ಕೆ ಸಾರಿ ಅಂದಳಂತೆ. ಹೇಳುತ್ತ ಹೇಳುತ್ತ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಾಯಿ ಹೋದ ಮೇಲೆ ಮಗಳು ಹಾಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ.

"ನೀನು ನೋಡ್ಬೇಕಿತ್ತಪ್ಪ," ಎಂದಳು.

"ಹೌದಾ? ಕೂತ್ಕಂಡು ಇನ್ನೊಂದ್ಸಲ ಹೇಳು," ಎಂದ ಬಸವೇಶ. ಅಷ್ಟರಲ್ಲಿ ಹೊರಗಿನಿಂದ ಬಿಂದುಶ್ರೀ ಕೂಗಿದಳು. ಆಮೇಲೆ ಹೇಳ್ತೀನಿ ಎಂದು ಸಿಂಚನಾ ಓಡಿಹೋದಳು. ಅವನು ಮಂಡಿಗೆ ಹಚ್ಚಲು ತಂದಿದ್ದ ಅರಿಶಿನವನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲವರೆಗೂ ಹೋಗಿ, ಅವರಿಬ್ಬರೂ ಬೀದಿ ತಿರುಗುವ ತನಕ ನಿಂತಿದ್ದ.