ನಾಲ್ಕು ಜೊತೆ ಬೂಟು

"ಹಳೇವು ನಾಲ್ಕು ಜೊತೆ ಅವೆ ಮಾವ. ಎಂಟು ಬೂಟು. ಒಬ್ಬೊಬ್ರು ಒಂದೊಂದು ಕಾಲ್ಗೆ ಆಕ್ಕತೀವಿ," ಎಂದಳು ನಿಂಗಿ. "ಒಂದು ಮಿಗ್ತದೆ. ಅದ ನೀನಾಕ್ಕೊ."

ಹಿಂದಿದ್ದ ಆರು ಹುಡುಗಿಯರು ಕಿಸಕ್ಕನೆ ನಕ್ಕರು. ಮಾದೇವ ನಗಲಿಲ್ಲ.

ಹುಣಸೂರಿನ ಮೈದಾನದಲ್ಲಿ ಜಿಲ್ಲಾ ರಗ್ಬಿ, ತಂಡಕ್ಕೆ ಏಳು ಜನ. ಹುಡುಗಿಯರ ವಿಭಾಗದಲ್ಲಿ ಇವರದು, ಬಿಳಿಕೆರೆಯದು ಎರಡೇ ತಂಡ, ಒಂದೇ ಪಂದ್ಯ. ಗೆದ್ದವರಿಗೆ ಮೈಸೂರಿನ ಕ್ರೀಡಾ ಹಾಸ್ಟೆಲ್‌ನಲ್ಲಿ ಜಾಗ. ಎನ್. ಬೇಗೂರಿನ ಕಾಡಂಚಿನ ಆದಿವಾಸಿ ಹಾಡಿಯಿಂದ ಇವರು ಹಿಂದಿನ ದಿನವೇ ಬಂದಿದ್ದರು. ಬೆಳಿಗ್ಗೆ ಕೂಲಿಯಾಳು ಕೈಕೊಟ್ಟಾಗ, ಮಾದೇವ ಕೇಳಿದನೆಂದು ಮೈದಾನಕ್ಕೆ ಸುಣ್ಣದ ಗೆರೆ ಎಳೆದವರೂ ಇವರೇ.

ಮಾದೇವನೂ ಅದೇ ಹಾಡಿಯವನು. ಮುಂಬೈಯ ಕ್ಲಬ್ಬೊಂದಕ್ಕೆ ಸಂಬಳಕ್ಕೆ ಆಡುತ್ತಿದ್ದ. ಬೂಟು ಅವನ ಕಾಲಿಗೆ ಒಗ್ಗಿರಲಿಲ್ಲ. ಅಭ್ಯಾಸಕ್ಕೆ ಬರಿಗಾಲಲ್ಲಿ ಇಳಿದ ಒಂದು ದಿನ ಯಾರೋ ಬೂಟುಗಾಲಲ್ಲಿ ತುಳಿದು ಪಾದದ ಮೂಳೆ ಮುರಿಯಿತು. ಆಟ ಅಲ್ಲಿಗೆ ಮುಗಿಯಿತು. ಊರಿಗೆ ಮರಳಿದವನನ್ನು ಜಿಲ್ಲಾ ಸಂಘ ಕಾರ್ಯದರ್ಶಿ ಮಾಡಿಕೊಂಡಿತು. ಬೂಟಿಲ್ಲದವರು ಆಡುವಂತಿಲ್ಲ, ಇಲ್ಲದವರಿಗೆ ಸಂಘವೇ ಕೊಡಿಸಬೇಕು: ಅವನು ಹಟ ಹಿಡಿದು ಮಾಡಿಸಿದ ಮೊದಲ ನಿಯಮ ಇದು. ಮೊದಲರ್ಧ ಜಾರಿಗೆ ಬಂದಿತ್ತು.

ಸಂಘದ ಅಧ್ಯಕ್ಷ ಸೋಮಶೇಖರ ಶಾಮಿಯಾನದಡಿ ಕಾಫಿ ಕುಡಿಯುತ್ತಿದ್ದ.

"ಸಾರ್, ಬೂಟು ಬರ್ಲಿಲ್ವಲ್ಲ. ಇದೊಂದ್ಸಲ ರೂಲ್ ಬುಟ್ಬುಡಿ."

"ದುಡ್ಡೆಲ್ಲ ಶಾಮಿಯಾನ, ಶಾಲು, ಹಾರಕ್ಕೇ ಸರೋಯ್ತು ಕಣಯ್ಯಾ. ಬಿಳಿಕೆರೆಯೋರು ಆಗ್ಲೇ ತಕರಾರು ತೆಗ್ದವ್ರೆ. ರೂಲ್ ಮಾಡ್ಸಿದ್ದು ಯಾರು, ನಾನಾ?" ಸೋಮಶೇಖರ ಮೈಕನ್ನು ಅವನ ಕೈಗಿಟ್ಟ. "ನಿಮ್ಮೋರ್ಗೆ ನೀನೇ ಹೇಳು. ನಾ ಹೇಳಿದ್ರೆ ಜಾತಿ ಮಾತಾಯ್ತದೆ."

ನಿಂಗಿ ಹಿಂದೆಯೇ ಬಂದು ನಿಂತಿದ್ದಳು.

"ನಮ್ಮ ಸ್ಕೂಲ್ ಗೋಡೆ ಮ್ಯಾಲೆ ನಿನ್ ಫೋಟೊ ಅದಲ್ಲ ಮಾವ, ಕಪ್ ಇಡ್ಕೊಂಡಿರೋದು. ಅದ್ರಲ್ಲಿ ನಿನ್ ಕಾಲಲ್ಲಿ ಏನದೆ?"

"ಏನಿಲ್ಲ."

"ಅದೇ ಮತ್ತೆ."

ಬಿಳಿಕೆರೆ ತಂಡ ಆಡದೆಯೇ ಗೆದ್ದಿದೆ ಎಂದು ಮಾದೇವ ಸಾರಿದ. ಎರಡು ಸಲ ಹೇಳಬೇಕಾಯಿತು. ಮೊದಲ ಸಲ ಮೈಕ್ ಆನ್ ಆಗಿರಲಿಲ್ಲ. ಶಾಮಿಯಾನದಡಿ ಚಪ್ಪಾಳೆ ಬಿತ್ತು.

ಹುಡುಗಿಯರು ಬೂಟುಗಳನ್ನು ಚೀಲಕ್ಕೆ ತುಂಬಿಕೊಂಡು ಊರ ಕಡೆಯ ಕೋಟೆ ಬಸ್ಸಿಗೆ ಹೊರಟರು. ತಾವೇ ಎಳೆದ ಗೆರೆಯನ್ನು ಯಾರೂ ತುಳಿಯಲಿಲ್ಲ, ಒಬ್ಬೊಬ್ಬರಾಗಿ ದಾಟಿದರು. ನಿಂಗಿ ಕೊನೆಯವಳು. ಒಂದು ಕಡೆ ಗೆರೆ ಅಳಿಸಿತ್ತು. ಅವಳು ನಿಂತು, ಕಾಲ್ಬೆರಳಿಂದ ಸುಣ್ಣ ಸರಿಸಿ ಅದನ್ನು ಕೂಡಿಸಿ, ಗೇಟಿನ ಕಡೆ ನಡೆದಳು.